ಆ್ಯಪ್ ಸರಳ ಆಯ್ತು, ಅಜ್ಜನ ದನಿ ಎಲ್ಲಿ ಹೋಯ್ತು?

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರುವವರಿಗೆ, ಅಂಗಡಿ ಗಲ್ಲಾ ಹಿಂದೆ ಒಂದೇ ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಕೇಳ್ತಿರುವವರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ವಿಡಿಯೊ ಎಡಿಟಿಂಗ್ ಆ್ಯಪ್. ಹೆಂಗ ಎಡಿಟ್ ಮಾಡೋದು ಅಂತ ಹೇಳಲ್ಲ, ಅದಕ್ಕೆ ಯೂಟ್ಯೂಬ್ ತುಂಬಾ ಮಂದಿ ಇದ್ದಾರೆ. ನಾವು ಕಲಿತು ರೂಢಿ ಮಾಡಿಕೊಂಡ ಆ್ಯಪ್ ಒಂದು ಬೆಳಗ್ಗೆ "ಈಗ ಇನ್ನೂ ಸರಳ" ಅಂತ ಬೇರೆಯೇ ಮುಖ ಹೊತ್ತು ಬಂದರೆ ಏನಾಗುತ್ತೆ, ಅದನ್ನು ಮಾತಾಡೋಣ.

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ನನಗೊಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದ್ದು ಹಿರೇಕೆರೂರು ಕಡೆಯ ಹುಡುಗ. ಐಟಿಐ ಓದ್ತಾನೆ, ಜೊತೆಗೆ ಹೋರಿ ಹಬ್ಬದ ವಿಡಿಯೊ ಮಾಡ್ತಾನೆ. ನಮ್ಮ ಹಾವೇರಿ ಜಿಲ್ಲೆಯವರಿಗೆ ಹೋರಿ ಹಬ್ಬ ಅಂದ್ರೆ ಏನಂತ ಹೇಳಬೇಕಿಲ್ಲ. ಹೊರಗಿನವರಿಗೆ ಒಂದು ಮಾತು: ದೀಪಾವಳಿ ಪಾಡ್ಯದಿಂದ ಶುರುವಾಗಿ ಊರೂರಲ್ಲಿ ಹೋರಿಗೆ ಕೊಬ್ಬರಿ ಹಾರ, ಬಲೂನು, ಜೂಲ ಕಟ್ಟಿ ಓಡಿಸ್ತಾರೆ, ಹುಡುಗರು ಆ ಕೊಬ್ಬರಿ ಹರಿಯೋಕೆ ನುಗ್ತಾರೆ. ಒಂದೊಂದು ಹೋರಿಗೂ ಒಂದು ಹೆಸರು, ಆ ಹೆಸರಿನ ಟೀ-ಶರ್ಟ್, ಅಭಿಮಾನಿಗಳು, ಈಗ ಇನ್‌ಸ್ಟಾಗ್ರಾಂ ಪೇಜು. ಈ ಹುಡುಗ ಒಂದು ವಿಡಿಯೊಗೆ ಐದುನೂರು ರೂಪಾಯಿ ತಗೊಳ್ತಾನೆ. ಸೀಸನ್‌ನಲ್ಲಿ ಅವನ ಫೀಸು, ಬಸ್ ಪಾಸು ಅದರಲ್ಲೇ ನಡೆಯುತ್ತೆ.

ಮೆಸೇಜ್‌ನಲ್ಲಿ ಅವನು ಹೇಳಿದ್ದಿಷ್ಟು: "ಅಣ್ಣಾ, ಆ್ಯಪ್ ತಾನ ಅಪ್‌ಡೇಟ್ ಆಗೇತಿ. ಕೆಳಗ ಇದ್ದ ಪಟ್ಟಿ ಒಂದೂ ಇಲ್ಲ. ಹಳೇ ಪ್ರಾಜೆಕ್ಟ್ ತಗದ್ರ ಬರೇ ವಿಡಿಯೊ, ಹಾಡು ಬರ್ತಾವು. ಅಜ್ಜನ ದನಿ ಕೇಳವಲ್ದು."

ಆ ಅಜ್ಜ ಯಾರು ಅಂದ್ರೆ, ಅವನ ಪಕ್ಕದ ಊರಿನಲ್ಲಿ ಒಂದು ಹೋರಿ ಸಾಕಿದ ಹಿರಿಯರು. ಹಿಂದಿನ ದೀಪಾವಳಿಗೆ ಆ ಹೋರಿಯ ವಿಡಿಯೊ ಮಾಡುವಾಗ ಹುಡುಗ ಒಂದು ಜಾಣ ಕೆಲಸ ಮಾಡಿದ್ದ. ಅಜ್ಜ ಬೆಳಗ್ಗೆ ಕೊಟ್ಟಿಗೆಯಲ್ಲಿ ಹೋರಿ ಕರೆಯುವ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವಿಡಿಯೊದ ಕೆಳಗೆ ಬೇರೆ ಲೇಯರ್ ಆಗಿ ಕೂರಿಸಿದ್ದ. ಮೇಲೆ ಓಟದ ದೃಶ್ಯ, ಅದರ ಕೆಳಗೆ ಹಾಡು, ಅದರ ಕೆಳಗೆ ಅಜ್ಜನ ದನಿ. ಆಮೇಲೆ ಅಜ್ಜ ತೀರಿಕೊಂಡರು. ಈಗ ವರ್ಷದ ಪುಣ್ಯಸ್ಮರಣೆಗೆ ಮನೆಯವರು ಕೇಳಿದ್ದು ಇಷ್ಟೇ: "ಹಾಡು ತಗದು ಹಾಕು ತಮ್ಮಾ, ಅಜ್ಜನ ದನಿ ಅಷ್ಟ ಇರ್ಲಿ."

ಮೊದಲಿನ ಆ್ಯಪ್‌ನಲ್ಲಿ ಅದು ಎರಡು ನಿಮಿಷದ ಕೆಲಸ. ಹೊಸದರಲ್ಲಿ ಎರಡನೇ ಆಡಿಯೊ ಲೇಯರೇ ಇಲ್ಲ. ಆ್ಯಪ್ ಹೆಸರು ಹೇಳಲ್ಲ, ಹೆಸರಿಗಿಂತ ಈ ಕಥೆ ದೊಡ್ಡದು. ದನಿಯ ಮೂಲ ಫೈಲ್? ಫೋನ್ ತುಂಬಿದೆ ಅಂತ ಅವನು ಯಾವತ್ತೋ ಡಿಲೀಟ್ ಮಾಡಿದ್ದ. "ಪ್ರಾಜೆಕ್ಟ್‌ನ್ಯಾಗ ಇರ್ತೇತಿ ಅಂದ್ಕೊಂಡಿದ್ದೆ" ಅಂದ.

ಈ ಸಿಟ್ಟು ಹೊಸದಲ್ಲ ರೀ. ನನಗೆ ಈಗ 28. ಹಾನಗಲ್‌ನಲ್ಲಿ ನಮ್ಮ ಮಾವನ ಫೋಟೊ ಸ್ಟುಡಿಯೊ ಇತ್ತು. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂರ್ತಿದ್ದೆ. ಮದುವೆ ವಿಡಿಯೊ ಜೋಡಿಸೋದಕ್ಕೆ ನಮ್ಮಲ್ಲಿ "ಮಿಕ್ಸಿಂಗ್" ಅಂತಾರೆ. ದೊಡ್ಡ ಮಿಕ್ಸಿಂಗ್ ಎಲ್ಲ ಹುಬ್ಬಳ್ಳಿಗೆ ಹೋಗ್ತಿತ್ತು. ಹುಟ್ಟುಹಬ್ಬ, ಶಾಲೆ ಗ್ಯಾದರಿಂಗ್ ನಮ್ಮ ಕಂಪ್ಯೂಟರಲ್ಲೇ, ವಿಂಡೋಸ್ ಎಕ್ಸ್‌ಪಿ ಜೊತೆ ಬರುತ್ತಿದ್ದ ಮೂವಿ ಮೇಕರ್‌ನಲ್ಲಿ. ನಿಮ್ಮಲ್ಲಿ ಎಷ್ಟೋ ಜನರ ಅಣ್ಣ, ಅಕ್ಕಂದಿರು ಎಡಿಟಿಂಗ್ ಕಲಿತದ್ದೂ ಅದರಲ್ಲೇ ಇರಬೇಕು. ಮೈಕ್ರೋಸಾಫ್ಟ್ ಅದನ್ನು 2000ದಲ್ಲಿ ವಿಂಡೋಸ್ ಎಂಇ ಜೊತೆ ತಂದಿತ್ತು. ಕೆಳಗೆ ಟೈಮ್‌ಲೈನ್, ಹಾಡಿಗೆ ಒಂದು ಸಾಲು, ಮೈಕ್ ಹಿಡಿದು ಮಾತು ಸೇರಿಸುವ ಸೌಲಭ್ಯ, ಎಲ್ಲ ಇತ್ತು.

2009ರಲ್ಲಿ ವಿಂಡೋಸ್ 7 ಬಂತು, ಅದರ ಜೊತೆ ಮೂವಿ ಮೇಕರ್ ಬರಲಿಲ್ಲ. ಬದಲಿಗೆ ವಿಂಡೋಸ್ ಲೈವ್ ಮೂವಿ ಮೇಕರ್ ಅಂತ ಬೇರೆ ಡೌನ್‌ಲೋಡ್ ಮಾಡಿಕೊಳ್ಳಬೇಕಿತ್ತು. ಅದು ಮೊದಲಿನಿಂದ ಹೊಸದಾಗಿ ಬರೆದ ಸಾಫ್ಟ್‌ವೇರ್. ಫೋಟೊ ಹಾಕು, ಹಾಡು ಹಾಕು, ಒಂದು ಬಟನ್ ಒತ್ತು, ಸಿನಿಮಾ ರೆಡಿ. ಹೊಸಬರಿಗೆ ಬಹಳ ಸುಲಭ. ಆದರೆ ಹಳೆಯ ಟೈಮ್‌ಲೈನ್ ಹೋಗಿತ್ತು, ಮೈಕ್‌ನಲ್ಲಿ ಮಾತು ಸೇರಿಸುವ ಸೌಲಭ್ಯವೂ ಹೋಗಿತ್ತು. ಬಳಸುವವರು ಕೇಳಿದ್ದು ಮುಖ್ಯವಾಗಿ ಇವೇ. ಮಾತಿಗೆ ಬೇರೆ, ಹಾಡಿಗೆ ಬೇರೆ ಸಾಲು ಮತ್ತೆ ಬಂದದ್ದು 2012ರ ಆವೃತ್ತಿಯಲ್ಲಿ. ಅಂದ್ರೆ ನಮ್ಮ ಹಿರೇಕೆರೂರು ಹುಡುಗ ಕಳಕೊಂಡದ್ದೇ ಸೌಲಭ್ಯ! ಕೊನೆಗೆ 2017ರ ಜನವರಿ 10ಕ್ಕೆ ಆ ಮೂವಿ ಮೇಕರ್‌ಗೂ ಬೆಂಬಲ ನಿಲ್ಲಿಸಿದರು.

ಇದಕ್ಕೂ ಎರಡು ವರ್ಷ ಮೊದಲು ಆ್ಯಪಲ್‌ನಲ್ಲಿ ಇದೇ ನಡೆದಿತ್ತು. 2007ರ ಆಗಸ್ಟ್‌ನಲ್ಲಿ ಐಮೂವಿ '08 ಬಂತು. ಹಿಂದೆ ಇದ್ದವರು ರ್‍ಯಾಂಡಿ ಉಬಿಲೋಸ್. ಸಾಮಾನ್ಯರಲ್ಲ, ಅಡೋಬಿ ಪ್ರೀಮಿಯರ್‌ನ ಮೊದಲ ಆವೃತ್ತಿಗಳನ್ನು ಮಾಡಿದವರು, ಫೈನಲ್ ಕಟ್ ಪ್ರೊ ಹುಟ್ಟಿಗೂ ಅವರೇ ಕಾರಣ. ರಜೆಯಲ್ಲಿ ತೆಗೆದ ವಿಡಿಯೊವನ್ನು ಸಾಮಾನ್ಯ ಜನ ಬೇಗ ಜೋಡಿಸಿ ಮನೆಯವರಿಗೆ ತೋರಿಸೋ ಹಾಗಿರಬೇಕು ಅನ್ನೋದು ಆಲೋಚನೆ. ಒಳ್ಳೇ ಆಲೋಚನೆನೇ. ಆದರೆ ಟೈಮ್‌ಲೈನ್ ತೆಗೆದರು, ಥೀಮ್ ತೆಗೆದರು, ಸ್ಲೋ ಮೋಷನ್ ತೆಗೆದರು, ಪ್ಲಗಿನ್ ತೆಗೆದರು. ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ಡೇವಿಡ್ ಪೋಗ್ ಐಮೂವಿ ಬಗ್ಗೆ ಕೈಪಿಡಿಯನ್ನೇ ಬರೆದಿದ್ದವರು. ಅವರೇ ಅದನ್ನು ಕಟುವಾಗಿ ಟೀಕಿಸಿದರು.

ಆಗ ಆ್ಯಪಲ್ ಮಾಡಿದ ಒಂದು ಕೆಲಸ ನೆನಪಿಟ್ಟುಕೊಳ್ಳಿ. ಹೊಸದನ್ನು ಕೊಂಡವರಿಗೆ ಹಳೇ ಐಮೂವಿ ಎಚ್‌ಡಿ 6ನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟಿತು. ಹೊಸದು ಬೇಕಾದವರಿಗೆ ಹೊಸದು, ಕೆಲಸ ನಿಂತವರಿಗೆ ಹಳೆಯದು. 2009ರ ಐಮೂವಿಯಲ್ಲಿ ಥೀಮ್, ಸ್ಲೋ ಮೋಷನ್ ಎಲ್ಲ ವಾಪಸ್ ಬಂದವು, ಅಲುಗಾಡಿದ ವಿಡಿಯೊ ಸ್ಥಿರಗೊಳಿಸುವ ಹೊಸ ಸೌಲಭ್ಯವೂ ಬಂತು. ಆದರೂ ಪಾಠ ಪೂರ್ತಿ ಹತ್ತಲಿಲ್ಲ ಅನ್ಸುತ್ತೆ. 2011ರ ಜೂನ್ 21ಕ್ಕೆ ಬಂದ ಫೈನಲ್ ಕಟ್ ಪ್ರೊ ಎಕ್ಸ್, ಹಿಂದಿನ ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳನ್ನೇ ತೆರೆಯುತ್ತಿರಲಿಲ್ಲ. ವೃತ್ತಿಪರರು ಅದಕ್ಕೆ "ಐಮೂವಿ ಪ್ರೊ" ಅಂತ ಅಡ್ಡಹೆಸರು ಇಟ್ಟರು. ಹಲವು ಕ್ಯಾಮೆರಾಗಳ ದೃಶ್ಯ ಒಟ್ಟಿಗೆ ಜೋಡಿಸುವ ಸೌಲಭ್ಯ 2012ರ ಜನವರಿಯಲ್ಲಿ ಮರಳಿ ಬಂತು.

ಈಗ ನೀವು ಕೇಳಬಹುದು: "ಏನಪ್ಪಾ, ಹೊಸದು ಬಂದ್ರೆ ಮಂದಿ ಬೈಯ್ಯೋದೇ ಕೆಲಸ, ಸ್ವಲ್ಪ ದಿನಕ್ಕೆ ರೂಢಿ ಆಗುತ್ತಲ್ಲ?" ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ನಮ್ಮ ನಾಲ್ಕು ತಾಲೂಕಿನ ಪರಿಚಯದವರನ್ನು ಕೇಳಿ ನೋಡಿದೆ.

ಸವಣೂರಿನ ಒಬ್ಬ ಅಕ್ಕ ಎಲೆ ವ್ಯಾಪಾರದ ಮನೆಯವರು. ಸವಣೂರು ವೀಳ್ಯದೆಲೆ ಗೊತ್ತಲ್ಲ? ಅವರಿಗೆ ಈ ಅಪ್‌ಡೇಟ್ ಹಬ್ಬ. "ಮೊದ್ಲ ಅದನ್ನ ತಗದ್ರ ವಿಮಾನದ ಡ್ರೈವರ್ ಸೀಟ್ನ್ಯಾಗ ಕುಂತಂಗ ಆಗ್ತಿತ್ತು. ಈಗ ಹತ್ತ ನಿಮಿಷದಾಗ ರೀಲ್ಸ್ ಮಾಡೀನಿ" ಅಂದರು. ಅವರ ಖುಷಿ ಸುಳ್ಳಲ್ಲ. ಅವರಂಥವರು ಬರಲಿ ಅಂತಲೇ ಕಂಪನಿ ಸರಳ ಮಾಡಿದ್ದು.

ಶಿಗ್ಗಾಂವಿ ಕಡೆಯ ಒಬ್ಬ ಮಾಸ್ತರ್ರು ಮಕ್ಕಳಿಗೆ ಗಣಿತದ ವಿಡಿಯೊ ಮಾಡ್ತಾರೆ. ಅವರಿಗೆ ಬಟನ್ ಜಾಗ ಬದಲಾದದ್ದು ಒಂದು ವಾರದ ತೊಂದರೆ, ಆಮೇಲೆ ಸರಿಹೋಯ್ತು. ಹಾನಗಲ್‌ನ ನನ್ನ ಗೆಳೆಯ ಆ್ಯಪ್‌ಗೆ ಒಂದು ಸ್ಟಾರ್ ಕೊಟ್ಟು "ವೇಸ್ಟ್" ಅಂತ ಬರೆದು ಬೇರೆ ಆ್ಯಪ್‌ಗೆ ಹೋದ. ನಾಲ್ಕನೆಯವನು ನಮ್ಮ ಹಿರೇಕೆರೂರು ಹುಡುಗ. ಅವನಿಗೆ ರೂಢಿ ಆಗೋದು ಅಂತ ಏನಿಲ್ಲ. ಇಲ್ಲದ ಲೇಯರ್ ರೂಢಿ ಹೆಂಗ ಆಗ್ಬೇಕು?

ಬಟನ್ ಜಾಗ ಬದಲಾಗೋದು ಬೇರೆ, ಕೆಲಸವೇ ಮಾಯವಾಗೋದು ಬೇರೆ. ಕಂಪನಿಗಳು ಎರಡೂ ಸಿಟ್ಟನ್ನು ಒಂದೇ ಬುಟ್ಟಿಗೆ ಹಾಕಿ "ಹಳಬರು ಬದಲಾವಣೆ ಒಪ್ಪಲ್ಲ" ಅಂತ ಮುಚ್ಚಿಬಿಡುತ್ತವೆ. ನಾವೂ ಒಂದು ಸ್ಟಾರ್, ಒಂದು ಬೈಗುಳದಲ್ಲಿ ಎರಡನ್ನೂ ಕಲಸಿ ಅವರಿಗೆ ಸುಲಭ ಮಾಡಿಕೊಡ್ತೀವಿ.

ನಾನು ಬಿ.ಕಾಂ. ಓದಿದವನು. ಅಕೌಂಟ್ಸ್‌ನಲ್ಲಿ ಸವಕಳಿ ಅಂತ ಒಂದು ಪಾಠ ಇರುತ್ತೆ. ಯಂತ್ರ ಕೊಂಡರೆ ಪ್ರತಿ ವರ್ಷ ಅದರ ಬೆಲೆ ಇಷ್ಟಿಷ್ಟು ಅಂತ ಇಳಿಸುತ್ತಾ ಹೋಗ್ತೀವಿ. ಆ ಹುಡುಗ ಎರಡು ವರ್ಷ ರಾತ್ರಿ ಕೂತು ಕಲಿತ ಲೇಯರ್ ಕೆಲಸ ಅವನ ಯಂತ್ರ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಅಪ್‌ಡೇಟ್ ಬಂದ ರಾತ್ರಿ ಅದರ ಬೆಲೆ ಸೊನ್ನೆ ಆಯ್ತು. ಕಂಪನಿಯ ಲೆಕ್ಕದಲ್ಲಿ ಸವಣೂರಿನ ಅಕ್ಕ ಹೊಸ ಗ್ರಾಹಕಿ ಅಂತ ಜಮಾ ಆದರು. ಹುಡುಗನ ನಷ್ಟ ಎಲ್ಲೂ ಖರ್ಚು ಬೀಳಲಿಲ್ಲ. ನನ್ನ ತಕರಾರು ಇಷ್ಟೇ. ಸರಳ ಮಾಡ್ರಿ, ಮೊದಲ ಪರದೆಯಲ್ಲಿ ನಾಲ್ಕೇ ಬಟನ್ ಇಡ್ರಿ. ಆದರೆ ಹಳೇ ಪ್ರಾಜೆಕ್ಟ್ ತೆರೆಯೋ ಬಾಗಿಲು ಒಂದು ಇರಲಿ. 2007ರಲ್ಲಿ ಆಗಿದ್ದು ಈಗ ಯಾಕೆ ಆಗಲ್ಲ?

ಕಂಪನಿ ಕೇಳುತ್ತೋ ಇಲ್ಲವೋ, ನಮ್ಮ ಕೈಯಲ್ಲಿರೋದನ್ನು ನಾವು ಮಾಡಿಕೊಳ್ಳೋಣ. ಮೊದಲನೆಯದು, ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಎಡಿಟಿಂಗ್ ಆ್ಯಪ್ ಪುಟ ತೆಗೆಯಿರಿ. ಮೇಲೆ ಬಲಗಡೆ ಮೂರು ಚುಕ್ಕಿ ಇರುತ್ತೆ, ಅದನ್ನು ಒತ್ತಿ ಆಟೊ ಅಪ್‌ಡೇಟ್ ಗುರುತು ತೆಗೆಯಿರಿ. ಕೈಯಲ್ಲಿ ಕೆಲಸ ಇರುವಾಗ ಅಪ್‌ಡೇಟ್ ಬೇಡ. ಮುಗಿದ ಮೇಲೆ ನೀವೇ ನೋಡಿ ಮಾಡಿಕೊಳ್ಳಿ, ಶಾಶ್ವತವಾಗಿ ನಿಲ್ಲಿಸಬೇಡಿ, ಸುರಕ್ಷತೆಯ ತಿದ್ದುಪಡಿಗಳೂ ಅದರಲ್ಲೇ ಬರ್ತವೆ.

ಎರಡನೆಯದು, ಪ್ರಾಜೆಕ್ಟ್ ಅಂದ್ರೆ ವಿಡಿಯೊ ಅಲ್ಲ. ಬಹಳಷ್ಟು ಆ್ಯಪ್‌ಗಳಲ್ಲಿ ಅದು ಬರೀ ವಿಳಾಸದ ಚೀಟಿ: ಈ ಕ್ಲಿಪ್ ಇಲ್ಲಿದೆ, ಇಲ್ಲಿಂದ ಇಲ್ಲಿಗೆ ಕತ್ತರಿಸು ಅಂತ. ಮೂಲ ಕ್ಲಿಪ್ ಅಳಿಸಿದರೆ ಚೀಟಿ ಇದ್ದೂ ಮನೆ ಇಲ್ಲ. ಹಾಗಾಗಿ ದನಿ, ಫೋಟೊ, ಕ್ಲಿಪ್ ಎಲ್ಲವನ್ನೂ ಒಂದು ಫೋಲ್ಡರ್ ಮಾಡಿ ಪೆನ್‌ಡ್ರೈವ್‌ಗೋ ಡ್ರೈವ್‌ಗೋ ಹಾಕಿಡಿ.

ಮೂರನೆಯದು, ಮುಖ್ಯವಾದ ವಿಡಿಯೊ ಎರಡು ಸಲ ಎಕ್ಸ್‌ಪೋರ್ಟ್ ಮಾಡಿ. ಒಂದು ಹಾಡಿನ ಜೊತೆ, ಇನ್ನೊಂದು ಹಾಡಿಲ್ಲದೆ. ಹಾಡು ಬೆರೆತ ಮೇಲೆ ಬೇರೆ ಮಾಡೋದು ಹಾಲಿನಿಂದ ನೀರು ತೆಗೆದ ಹಾಗೆ.

ನಾಲ್ಕನೆಯದು, ಸಿಟ್ಟಿನಲ್ಲಿ ಯಾವುದೋ ವೆಬ್‌ಸೈಟ್‌ನಿಂದ ಹಳೇ ಎಪಿಕೆ, ಮಾಡ್ ಎಪಿಕೆ ಇಳಿಸಿಕೊಳ್ಳಬೇಡಿ. ನಿಮ್ಮ ಫೋನಲ್ಲೇ ಫೋನ್‌ಪೇನೂ ಇದೆ ಅನ್ನೋದು ನೆನಪಿರಲಿ. ಬದಲಿಗೆ ರಿವ್ಯೂ ಬರೆಯುವಾಗ ಕೆಲಸ ಬರೆಯಿರಿ: ಯಾವ ಆವೃತ್ತಿ, ಯಾವ ಫೋನು, ಮೊದಲು ಏನು ಮಾಡ್ತಿದ್ದೆ, ಈಗ ಯಾವುದು ಆಗ್ತಿಲ್ಲ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. "ವೇಸ್ಟ್" ಅನ್ನೋ ಪದ ಯಾವ ಎಂಜಿನಿಯರ್‌ಗೂ ದಾರಿ ತೋರಿಸಲ್ಲ.

ಅಜ್ಜನ ದನಿ ಏನಾಯ್ತು ಅಂತ ಕೇಳ್ತೀರಿ, ಗೊತ್ತು. ಹುಡುಗ ಅವರ ಮನೆಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಹಳೇ ವಿಡಿಯೊ ಅಜ್ಜನ ಸೊಸೆಯ ಫೋನಿನಲ್ಲಿ ಇತ್ತು. ಹಾಡು ಬೆರೆತಿತ್ತು. ಇಬ್ಬರೂ ಫೋನ್ ಹಿಡಕೊಂಡು ಎರಡು ರಾತ್ರಿ ಕೂತ್ವಿ. ನಡುವೆ ಒಂದು ಕಡೆ ಅವನೇ ಹಾಡಿನ ಸದ್ದು ಇಳಿಸಿದ್ದ, ದನಿ ಚೆನ್ನಾಗಿ ಕೇಳಲಿ ಅಂತ. ಅಲ್ಲಿ ಇಪ್ಪತ್ತು ಸೆಕೆಂಡು ಅಜ್ಜನ ಕೂಗು ಸ್ಪಷ್ಟವಾಗಿ ಸಿಕ್ಕಿತು. ಅಷ್ಟನ್ನೇ ಕತ್ತರಿಸಿ ಕೊಟ್ಟ. ಉಳಿದ ಒಂದೂವರೆ ನಿಮಿಷ ಹೋಯ್ತು, ಅದು ಇನ್ನು ಸಿಗಲ್ಲ.

ಪುಣ್ಯಸ್ಮರಣೆ ದಿನ ಟಿವಿಗೆ ಹಚ್ಚಿ ತೋರಿಸಿದರಂತೆ. ಅವನು ಫೋನ್ ಮಾಡಿ ಹೇಳಿದ: "ಅಜ್ಜನ ದನಿ ಬಂದ ಕೂಡ್ಲೆ ಎಲ್ಲಾರೂ ಸುಮ್ಮನಾದ್ರು ಅಣ್ಣಾ. ರೊಕ್ಕ ಕೊಡಾಕ ಬಂದ್ರು, ನಾ ತಗೊಳ್ಳಲಿಲ್ಲ."

ಈ ಸಂಚಿಕೆ ಮುಗಿದ ಕೂಡಲೇ ಒಂದು ಕೆಲಸ ಮಾಡ್ರಿ. ನಿಮ್ಮ ಫೋನಿನಲ್ಲಿ ಯಾರ ದನಿ ಇನ್ನೊಮ್ಮೆ ಸಿಗೋದಿಲ್ಲವೋ, ಆ ಫೈಲ್ ಹುಡುಕಿ ಇನ್ನೊಂದು ಕಡೆ ಕಾಪಿ ಮಾಡಿಡ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ, ನಮಸ್ಕಾರ.