ಬರೆದವರು ಮತ್ತು ಕಾಯ್ದವರು

(ಕನ್ನಡ ಸಾಹಿತ್ಯ ಪರಿಷತ್ತಿನ ಸಂಸ್ಥಾಪನಾ ದಿನದಂದು ಭಂಕೂರಿನಲ್ಲಿ ನೀಡಿದ ಆಶೀರ್ವಚನ)



ಇಂದು ಮೇ ತಿಂಗಳ 5ನೆಯ ದಿನ. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ದಿನ. ಈ ಭಾಗದ ಬರಹಗಾರರು ಕೂಡಿ ಅದನ್ನು ಆಚರಿಸುತ್ತಿದ್ದಾರೆ. ಈ ಉರಿಬಿಸಿಲಿನಲ್ಲಿ, ಕಾಯ್ದ ಫರ್ಸಿಯ ಮೇಲೆ, ಸಾಹಿತ್ಯದ ಮಾತು ಕೇಳಲು ಇಷ್ಟು ಜನ ಕುಳಿತಿರುವುದೇ ನಮಗೆ ಸಂತೋಷ. ನಾವು ಕವಿಗಳಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ಓದಿದವರು. ಆದಕಾರಣ ಶಬ್ದದಿಂದಲೇ ಆರಂಭಿಸುತ್ತೇವೆ. ಪರಿಷತ್ ಎಂದರೇನು? ‘ಪರಿ’ ಎಂದರೆ ಸುತ್ತಲೂ, ‘ಸದ್’ ಎಂದರೆ ಕುಳಿತುಕೊಳ್ಳುವುದು. ಒಂದರ ಸುತ್ತ ಕುಳಿತವರು ಪರಿಷತ್ತು. ಯಾವುದರ ಸುತ್ತ? ಹಾರ ತುರಾಯಿಗಳ ಸುತ್ತವೋ, ಗ್ರಂಥದ ಸುತ್ತವೋ? ಈ ಪ್ರಶ್ನೆಯನ್ನು ಕೇಳುವುದಕ್ಕಾಗಿಯೇ ನಾವು ಇಲ್ಲಿಗೆ ಬಂದಿದ್ದೇವೆ.

ಬರಹಗಾರರ ಕೂಟಗಳು ನಮ್ಮ ನಾಡಿನಲ್ಲಿ ಸುಮ್ಮನೆ ಹುಟ್ಟಿದವಲ್ಲ. ಮರಾಠಿಯ ಪ್ರಾಬಲ್ಯದಲ್ಲಿ ಕನ್ನಡ ಮೂಲೆಗೆ ಬಿದ್ದಿದ್ದಾಗ, ರಾ. ಹ. ದೇಶಪಾಂಡೆಯವರು 1890ನೆಯ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಆ ಸಂಘದ ಆಶ್ರಯದಲ್ಲಿ 1907ರಲ್ಲಿ ಆಲೂರ ವೆಂಕಟರಾಯರು ಗ್ರಂಥಕರ್ತರ ಸಮ್ಮೇಳನವನ್ನು ಕೂಡಿಸಿದರು. ಬೇರೆ ಬೇರೆ ಸರಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದ ಕನ್ನಡದ ಬರಹಗಾರರು ಪರಸ್ಪರರ ಮುಖ ನೋಡಿದ್ದೇ ಇಂಥ ಸಭೆಗಳಲ್ಲಿ. ಅದರ ಮುಂದಿನ ಫಲವೇ ಬೆಂಗಳೂರಿನ ಪರಿಷತ್ತು.

ನಮ್ಮ ಭಾಗದ ಸಂಗತಿ ಇನ್ನೂ ಕಠಿಣವಾದುದು. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ಶಾಲೆಯ ಭಾಷೆ ಉರ್ದು. ಹೈದರಾಬಾದಿನ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿಯೇ. ಉರ್ದು ಚೆಲುವಾದ ಭಾಷೆ, ಅದರ ಮೇಲೆ ನಮಗೆ ಯಾವ ಕೋಪವೂ ಇಲ್ಲ. ನಮ್ಮ ಹಿರಿಯರು ಅದನ್ನು ಸೊಗಸಾಗಿ ಬರೆಯುತ್ತಿದ್ದರು. ಆದರೆ ಮನೆಯ ಮಾತಿಗೆ ಶಾಲೆಯಲ್ಲಿ ಜಾಗವಿಲ್ಲದಿದ್ದರೆ ಮಗುವಿಗೆ ತನ್ನ ಅಜ್ಜಿಯ ಜ್ಞಾನ ಜ್ಞಾನವೆಂದೇ ತೋರುವುದಿಲ್ಲ. ಅಂಥ ದಿನಗಳಲ್ಲಿ, 1928ರಲ್ಲಿ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆಯಿತು. ಅಧ್ಯಕ್ಷರು ಬಿ. ಎಂ. ಶ್ರೀಕಂಠಯ್ಯನವರು. ಮೈಸೂರು ಸೀಮೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕರು ಉರ್ದು ಆಳುವ ನಾಡಿಗೆ ಕನ್ನಡ ಹೇಳಲು ಬಂದರು!

ನಿಜಾಮರ ಆಳಿಕೆ 1948ರ ಸೆಪ್ಟೆಂಬರದಲ್ಲಿ ಮುಗಿಯಿತು. ಮರುವರ್ಷವೇ, 1949ರಲ್ಲಿ, ಸಮ್ಮೇಳನ ಮತ್ತೆ ಕಲಬುರ್ಗಿಗೆ ಬಂತು. ಊರೂರುಗಳಲ್ಲಿ ಗಾಯ ಇನ್ನೂ ಹಸಿಯಾಗಿತ್ತು. ಆಗ ಅಧ್ಯಕ್ಷಪೀಠದಲ್ಲಿ ಕುಳಿತವರು ಯಾರು? ಉತ್ತಂಗಿ ಚನ್ನಪ್ಪನವರು, ಕ್ರೈಸ್ತ ಪಾದ್ರಿಗಳು. ಸರ್ವಜ್ಞನ ವಚನಗಳನ್ನು ಜನರ ಬಾಯಿಂದಲೂ ಹಳೆಯ ಓಲೆಗಳಿಂದಲೂ ಆರಿಸಿ 1924ರಲ್ಲಿ ಅಚ್ಚು ಹಾಕಿಸಿದ ಮಹನೀಯರು. ನಾವು ಗುಡಿ ಮಠಗಳಲ್ಲಿ ಸರ್ವಜ್ಞನ ಮಾತು ಹೇಳಿ ತಲೆದೂಗಿಸುತ್ತೇವಲ್ಲ, ಆ ಮಾತುಗಳನ್ನು ಕೂಡಿಸಿಟ್ಟವರು ಚರ್ಚಿನವರು. ಇದನ್ನು ನೆನೆದಾಗ ನಮ್ಮ ಮನಸ್ಸು ತುಂಬಿ ಬರುತ್ತದೆ. ಮುಂದೆ 1987ರಲ್ಲಿ ಸಿಂಪಿ ಲಿಂಗಣ್ಣನವರ, 2020ರಲ್ಲಿ ಎಚ್. ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿಯೇ ಸಮ್ಮೇಳನಗಳಾದವು. ನಿಮ್ಮಲ್ಲಿ ಹಲವರು 2020ರ ಜಾತ್ರೆಯನ್ನು ಕಣ್ಣಾರೆ ಕಂಡವರೇ.

ಉತ್ತಂಗಿಯವರಂತೆಯೇ ವಿಜಯಪುರದ ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ವಕೀಲರು, ಮನಸ್ಸೆಲ್ಲ ಓಲೆಗರಿಗಳಲ್ಲಿ. ಮನೆಮನೆಯ ಜಗಲಿಯ ಮೇಲೆ ವಚನಗಳ ಕಟ್ಟುಗಳಿದ್ದವು. ಅವುಗಳಿಗೆ ವಿಭೂತಿ ಹಚ್ಚುತ್ತಿದ್ದರು, ಹೂ ಏರಿಸುತ್ತಿದ್ದರು, ಬಿಚ್ಚಿ ಓದುವವರಿರಲಿಲ್ಲ. ಪೂಜೆಯಲ್ಲಿಯೇ ಶರಣರ ಮಾತು ಗೆದ್ದಲು ಹಿಡಿಯುತ್ತಿತ್ತು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಬೇಡಿ ತಂದು, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ತಾವೇ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಮ್ಮೇಳನದ ಅಧ್ಯಕ್ಷರಾದರು. ಅವರಿಗೆ ಆ ಪೀಠ ಸಂದದ್ದು ಕಾವ್ಯ ಬರೆದದ್ದಕ್ಕಲ್ಲ, ಪರರು ಬರೆದದ್ದನ್ನು ಕಾಯ್ದದ್ದಕ್ಕೆ.

ಕಾಯದಿದ್ದರೆ ಏನಾಗುತ್ತದೆ? ದೂರ ಹೋಗಬೇಕಾಗಿಲ್ಲ. ನಮ್ಮ ಕಾಗಿಣಾ ಹೊಳೆಯ ದಂಡೆಯ ಮೇಲೆಯೇ, ಸೇಡಂ ತಾಲೂಕಿನ ಮಳಖೇಡವಿದೆ, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದನು. ನಮಗೆ ದೊರೆತ ಕನ್ನಡ ಗ್ರಂಥಗಳಲ್ಲಿ ಅದೇ ಹಳೆಯದು. ಅದರಲ್ಲಿ ತನಗಿಂತ ಹಿಂದಿನ ಗದ್ಯಕಾರರನ್ನು ಹೆಸರಿಸಿದ್ದಾನೆ: ನಾಗಾರ್ಜುನ, ಜಯಬಂಧು, ದುರ್ವಿನೀತ, ಇನ್ನೂ ಕೆಲವರು. ಇವರ ಕನ್ನಡ ಗದ್ಯ ಎಲ್ಲಿದೆ? ಒಂದು ಗರಿಯೂ ಉಳಿಯಲಿಲ್ಲ. ದುರ್ವಿನೀತನು ಗಂಗರ ಅರಸನಾಗಿದ್ದನು; ಅರಸನ ಬರಹಕ್ಕೂ ಆ ಗತಿಯಾಯಿತು. ಹೆಸರಾದರೂ ಉಳಿದದ್ದು ಇನ್ನೊಬ್ಬ ಬರಹಗಾರ ಅವರನ್ನು ಓದಿ, ಮರೆಯದೆ ನೆನೆದದ್ದರಿಂದ.

ನಮ್ಮ ಪಕ್ಕದ ಚಿತ್ತಾಪುರದ ನಾಗಾವಿಯನ್ನು ನೋಡಿರಿ. ಎಲ್ಲಮ್ಮನ ಜಾತ್ರೆಗೆ ಹೋಗಿ ಕಾಯಿ ಒಡೆಸಿ ಬರುತ್ತೀರಿ, ಸಂತೋಷ. ಅಲ್ಲಿ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವಿತ್ತು. 1058ರ ಶಾಸನದ ಪ್ರಕಾರ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ಮಂದಿ. ಪಾಠ ಹೇಳುವ ಗುರುಗಳು 6 ಜನ. ಪುಸ್ತಕ ಕಾಯುವ ಸರಸ್ವತೀ ಭಂಡಾರಿಗಳೂ 6 ಜನ! ಗುರುವಿಗೆಷ್ಟೋ ಗ್ರಂಥಪಾಲಕನಿಗೂ ಅಷ್ಟೇ ಸಂಖ್ಯೆ. ಇಂದು ಎಷ್ಟು ವಿದ್ಯಾಲಯಗಳು ಈ ಲೆಕ್ಕ ಕೊಟ್ಟಾವು?

ಮೊನ್ನೆ ಒಬ್ಬ ತರುಣ ತನ್ನ ಕವನಸಂಕಲನ ಹಿಡಿದುಕೊಂಡು ಮಠಕ್ಕೆ ಬಂದಿದ್ದ. “ಅಪ್ಪಾವ್ರೆ, ಸಾಲ ಮಾಡಿ ಅಚ್ಚ ಹಾಕಿಸೀನ್ರಿ, ಯಾರೂ ಓದವಲ್ರು” ಎಂದು ಕಣ್ಣೀರು ತಂದ. “ನಿನ್ನ ಜೊತೆಯವರು ಬರದದ್ದು ನೀ ಎಷ್ಟು ಓದೀದಿಯಪ್ಪಾ?” ಎಂದು ಕೇಳಿದೆವು. ಸುಮ್ಮನೆ ಕುಳಿತ. ಹುಡುಗನದೊಬ್ಬನದೇ ಮಾತಲ್ಲ. ಒಂದೇ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡ ಹತ್ತು ಜನರಲ್ಲಿ, ಪಕ್ಕದವರ ಒಂದು ಪುಟವನ್ನಾದರೂ ಓದಿದವರು ಎಷ್ಟು ಮಂದಿ ಎಂದು ನಿಮ್ಮ ಮನಸ್ಸಿನಲ್ಲಿಯೇ ಎಣಿಸಿಕೊಳ್ಳಿರಿ. ಇಂದು ನಿಜಾಮರಿಲ್ಲ. ಅಚ್ಚು ಸುಲಭ, ಸಭೆಗೆ ಅಡ್ಡಿಯಿಲ್ಲ. ಆದರೂ ಆ ಹುಡುಗನ ಪುಸ್ತಕದ ಗಂಟು ಮಂಚದ ಕೆಳಗಿದೆ. ಇಲಿಗೆ ದುರ್ವಿನೀತನೂ ಒಂದೇ, ಇವನೂ ಒಂದೇ.

ಆದಕಾರಣ ಈ ವರ್ಷ ನಮಗೆ ಶಾಲು ಹೊದಿಸುವುದು ಬೇಡವೆಂದು ಮೊದಲೇ ಹೇಳಿ ಕಳಿಸಿದ್ದೆವು. ಆ ಹಣಕ್ಕೆ ಮಠದಿಂದಲೂ ಸ್ವಲ್ಪ ಸೇರಿಸಿ, ಪಡಸಾಲೆಯಲ್ಲಿ ಎರಡು ಕಪಾಟು ಇಡಿಸಿದ್ದೇವೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆಯ ಯಾರೇ ಬರೆಯಲಿ, ಯಾವ ಮತದವರೇ ಇರಲಿ, ಎರಡೆರಡು ಪ್ರತಿ ಇಲ್ಲಿಗೆ ಬರಲಿ. ಮನೆಯಲ್ಲಿ ಹಳೆಯ ಓಲೆ, ಹಾಡಿನ ವಹಿ, ಡೊಳ್ಳಿನ ಪದ ಬರೆದಿಟ್ಟ ನೋಟುಬುಕ್ಕು ಇದ್ದರೆ ಹೊಳೆಗೆ ಬಿಡಬೇಡಿರಿ, ಇಲ್ಲಿಗೆ ತನ್ನಿರಿ. ಪ್ರತಿ ಅಮಾವಾಸ್ಯೆಯ ಸಂಜೆ ಒಂದು ಪುಸ್ತಕ ತೆಗೆದು ಓದುವುದು. ಬರೆದವರು ಕುಳಿತು ಕೇಳುವುದು, ಬೇರೊಬ್ಬರು ಓದುವುದು. ಕಪಾಟಿನ ಕೀಲಿ ನಮ್ಮ ಹತ್ತಿರ ಬೇಡ, ನಾವು ಊರೂರು ತಿರುಗುವವರು. ಯಾರ ಕೈಯಲ್ಲಿ ಕೊಡಬೇಕೆಂದು ನೀವೇ ವಿಚಾರಮಾಡಿ, ಪ್ರಸಾದಕ್ಕೆ ಏಳುವ ಮೊದಲು ನಮಗೆ ಒಂದು ಹೆಸರು ಹೇಳಿರಿ.