ಟಿಕ್ ಟಿಕ್ಕೋ, ಗಡಗಡವೋ: ಅಪ್ಪನ ಮಾರುತಿ 800 ಮತ್ತು ಒಂದು ಸದ್ದು

ಇವತ್ತು ಮಾತು ಶುರು ಮಾಡೋ ಮುಂಚೆ ಹನ್ನೆರಡು ಸೆಕೆಂಡಿನ ಒಂದು ಸದ್ದು ಕೇಳಿ.

[ಕಾರಿನ ಎಂಜಿನ್ ಸದ್ದು]

ಕೇಳಿಸ್ತಾ? ಎಂಜಿನ್ ಸದ್ದಿನ ಮೇಲೆ ಟಿಕ್ ಟಿಕ್ ಟಿಕ್ ಅಂತ, ಯಾರೋ ಬೆರಳಲ್ಲಿ ತಗಡು ಬಡಿದ ಹಾಗೆ. ಇದು ನಮ್ಮಪ್ಪನ 2005ರ ಮಾರುತಿ 800. ಮನೆ ಬಸವನಗುಡಿ, ಗಾಂಧಿ ಬಜಾರಿನಿಂದ ಎರಡು ರಸ್ತೆ ಆಚೆ. ಕಾರಿಗೆ ಈಗ ಇರೋದು ಒಂದೇ ಕೆಲಸ. ವಾರಕ್ಕೆರಡು ದಿನ ಅಮ್ಮನನ್ನ ಮಂಡಿನೋವಿನ ಫಿಸಿಯೋಥೆರಪಿಗೆ ಎನ್.ಆರ್. ಕಾಲೋನಿಗೆ ಕರ್ಕೊಂಡು ಹೋಗೋದು, ವಾಪಸ್ ಬರೋದು. ಕಡಲೆಕಾಯಿ ಪರಿಷೆ ಮುಗಿದ ವಾರ ಈ ಸದ್ದು ಶುರುವಾಯ್ತು.

ಒಂದು ವರ್ಕ್‌ಶಾಪಿಗೆ ಬಿಟ್ವಿ. ಹೆಸರು ಬೇಡ. ಸಂಜೆ ಫೋನ್ ಬಂತು: "ಎಂಜಿನ್ ನಾಕಿಂಗ್ ಸರ್, ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು." ಎಸ್ಟಿಮೇಟ್ 46,000 ರೂಪಾಯಿ. ಮಾರಿದ್ರೂ ಆ ಕಾರಿಗೆ ಅಷ್ಟು ಬರಲ್ಲ. ನಾನು ಬಿ.ಕಾಂ. ಓದಿದವನು, ಎಂಜಿನ್ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಎಸ್ಟಿಮೇಟ್ ಓದೋಕೆ ಬರತ್ತೆ. ಲೇಬರ್, ಸ್ಪೇರ್ಸ್, ಆಯಿಲ್, ಕೊನೆಗೆ "ಇತರೆ" ಅಂತ ಒಂದು ಸಾಲು, ಎಲ್ಲ ಇತ್ತು. ಸದ್ದು ಅಲ್ಲಿಂದಲೇ ಬರ್ತಿದೆ ಅಂತ ಹೇಗೆ ಗೊತ್ತಾಯ್ತು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಅಪ್ಪ ಕಾಗದ ಮಡಚಿಟ್ಟು, "ಗುಜರಿಗೆ ಹಾಕೋಣ ಬಿಡು" ಅಂದ್ರು. ಅಮ್ಮ ಆಟೋದಲ್ಲಿ ಹೋಗ್ತೀನಿ ಅಂದ್ಲು. ಆಟೋಗೆ ಹತ್ತೋ ಮೆಟ್ಟಿಲು ಎಷ್ಟು ಎತ್ತರ ಅನ್ನೋದು ಮಂಡಿ ನೋವಿದ್ದವರಿಗೇ ಗೊತ್ತು.

ಆ ರಾತ್ರಿ ನಾನು ಮಾಡೋಕಾಗಿದ್ದು ಒಂದೇ, ನನ್ನ ಕೆಲಸ. ಮೈಕ್ ಇಟ್ಟು ರೆಕಾರ್ಡ್ ಮಾಡಿ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅಲೆ ನೋಡಿದೆ. ಸೆಕೆಂಡಿಗೆ ಏಳೆಂಟು ಮೊನೆ ಕಾಣಿಸ್ತಿದ್ವು. ಓದಿ ನೋಡಿದಾಗ ಗೊತ್ತಾಗಿದ್ದು ಇಷ್ಟು. ಸುಮ್ಮನೆ ನಿಂತಿರೋ ಎಂಜಿನ್ ನಿಮಿಷಕ್ಕೆ ಸುಮಾರು 900 ಸುತ್ತು ತಿರುಗತ್ತೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 15. ವಾಲ್ವುಗಳನ್ನ ತೆರೆದು ಮುಚ್ಚೋ ಕ್ಯಾಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ ತಿರುಗತ್ತೆ. ಒಂದೊಂದು ಸಿಲಿಂಡರ್ ಹೊಗೆ ಉಗುಳೋದೂ ಎರಡು ಸುತ್ತಿಗೆ ಒಂದು ಸಲ. ಕೆಳಗಿನ ಬೇರಿಂಗ್ ಬಡಿದರೆ ಸಾಮಾನ್ಯವಾಗಿ ಸುತ್ತಿಗೊಂದು ಏಟು ಕೇಳಬೇಕು. ನನ್ನ ಲೆಕ್ಕ ಅರ್ಧಕ್ಕೆ ಬರ್ತಿತ್ತು. ದೊಡ್ಡ ಸಂಶೋಧನೆ ಮಾಡಿದೋನ ಹಾಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಚಾಮರಾಜಪೇಟೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ.

ಅವರು ಲ್ಯಾಪ್‌ಟಾಪ್ ನೋಡಿ ನಕ್ಕರು. "ಇದು ಸುಳಿವು, ಸಾಕ್ಷಿ ಅಲ್ಲ. ಮೊದಲು ಸದ್ದು ಬಾಯಲ್ಲಿ ಹೇಳು. ಟಿಕ್ ಟಿಕ್ಕೋ, ಕಟಕಟಾನೋ, ಗಡಗಡಾನೋ?"

ಸ್ಕೂಲಲ್ಲಿ ಅನುಕರಣಾವ್ಯಯ ಅಂತ ಒಂದು ಅಂಕಕ್ಕೆ ಬಾಯಿಪಾಠ ಮಾಡಿದ್ವಲ್ಲ, ಅದು ಗ್ಯಾರೇಜಿನಲ್ಲಿ ಕೆಲಸಕ್ಕೆ ಬರತ್ತೆ ಅಂತ ಯಾರಿಗೆ ಗೊತ್ತಿತ್ತು! ಕಿರ್ರ್ ಅಂದ್ರೆ ಬೆಲ್ಟು. ಗರಗರ ಅಂದ್ರೆ ವಾಟರ್ ಪಂಪ್ ಅಥವಾ ಆಲ್ಟರ್ನೇಟರ್ ಬೇರಿಂಗ್ ಇರಬಹುದು. ತೆಳ್ಳಗೆ ಟಿಕ್ ಟಿಕ್ ಅಂದ್ರೆ ಎಂಜಿನ್ನಿನ ಮೇಲ್ಭಾಗ. ತಳದಿಂದ ದಪ್ಪಗೆ ಗಡಗಡ ಅಂದ್ರೆ ಭಯ ಪಡಬೇಕು.

ಆಮೇಲೆ ಅವರು ಕೇಳಿದ್ದೆಲ್ಲ "ಯಾವಾಗ" ಅಂತ. ಗಾಡಿ ನಿಂತಿದ್ದಾಗಲೂ ಬರತ್ತಾ? ಹೌದು. ಹಾಗಾದ್ರೆ ಚಕ್ರ, ಬ್ರೇಕಿನದ್ದಲ್ಲ. ಆಕ್ಸಿಲರೇಟರ್ ಒತ್ತಿದ್ರೆ ಜೋರಾಗತ್ತಾ? ಹೌದು. ಬಿಸಿಯಾದ ಮೇಲೆ? ಅಪ್ಪ "ಯಾವಾಗ್ಲೂ ಬರತ್ತೆ" ಅಂದಿದ್ರು, ನಾನೂ ಅದನ್ನೇ ಹೇಳಿದೆ.

"ಎಷ್ಟು ದೂರ ಓಡಿಸ್ತಾರೆ?"

ಎನ್.ಆರ್. ಕಾಲೋನಿವರೆಗೆ ಅಂದೆ. ಅವರು ಡಿಪ್‌ಸ್ಟಿಕ್ ಎಳೆದು ಆಯಿಲ್ ಸರಿಯಾಗಿದೆ ಅಂತ ನೋಡಿ, ಆಯಿಲ್ ದೀಪ ಆರತ್ತಾ ಅಂತ ನೋಡಿ, ಕೀ ನನ್ನ ಕೈಗೇ ಕೊಟ್ರು. "ಮಲ್ಲೇಶ್ವರಕ್ಕೆ ಹೋಗಿ ಬಾ. ಸದ್ದು ದಪ್ಪ ಆದ್ರೆ ಅಲ್ಲೇ ಆಫ್ ಮಾಡಿ ಫೋನ್ ಮಾಡು."

ಮೆಜೆಸ್ಟಿಕ್ ಟ್ರಾಫಿಕ್ಕಿನಲ್ಲಿ ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೆ ಬಂತು. ಸಂಪಿಗೆ ರಸ್ತೆಯಲ್ಲಿ ಸಿಗ್ನಲಿಗೆ ನಿಂತಾಗ ಕಿಟಕಿ ಇಳಿಸಿ ಕಿವಿ ಕೊಟ್ಟೆ. ಸದ್ದೇ ಇಲ್ಲ! ಮೂರು ಸಿಲಿಂಡರಿನ ಎಂಜಿನ್ನಿಗೆ ಸಹಜವಾದ ಆ ನಡುಕ ಬಿಟ್ರೆ ಏನೂ ಇಲ್ಲ. ನಮ್ಮನೆಯಿಂದ ಎನ್.ಆರ್. ಕಾಲೋನಿ ಎಷ್ಟು ಹತ್ತಿರ ಅಂದ್ರೆ ಎಂಜಿನ್ ಬಿಸಿಯಾಗೋ ಹೊತ್ತಿಗೆ ಅಪ್ಪ ಗಾಡಿ ನಿಲ್ಲಿಸಿ ಇಳಿದಿರ್ತಾರೆ. ಅವರ "ಯಾವಾಗ್ಲೂ" ಅನ್ನೋದರ ಅರ್ಥ "ತಣ್ಣಗಿದ್ದಾಗಲೆಲ್ಲ" ಅಂತ.

ಬೇರಿಂಗ್ ಸವೆದಿದ್ರೆ ಬಿಸಿಗೆ ಆಯಿಲ್ ತೆಳುವಾಗಿ ಸದ್ದು ಹೆಚ್ಚಾಗಬೇಕಿತ್ತು. ಇಲ್ಲಿ ಉಲ್ಟಾ. ಬಿಸಿಗೆ ಲೋಹ ಹಿಗ್ಗಿ ಯಾವುದೋ ಸಂದಿ ಮುಚ್ಕೊಳ್ತಿದೆ. ಮಾರನೇ ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಅವರು ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನ ಟ್ಯಾಪೆಟ್ ಕವರ್ ಮೇಲಿಟ್ಟು, ಹಿಡಿಯನ್ನ ಕಿವಿಗೆ ಒತ್ತಿ ಕೇಳಿದರು. ಆಮೇಲೆ ಕೆಳಗೆ ಆಯಿಲ್ ಸಂಪ್ ಮೇಲೆ. ಎರಡೂ ಕಡೆ ಶಾಂತ. ಕೊನೆಗೆ ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿ ಹತ್ರ, ಇನ್ನೊಂದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸುತ್ತ. ಒಂದು ಜಾಗದಲ್ಲಿ ನಿಲ್ಲಿಸಿ ನನಗೆ ಕೊಟ್ರು. ಪುಸ್ ಪುಸ್ ಅಂತ ಗಾಳಿ. ಟಾರ್ಚ್ ಹಾಕಿದ್ರೆ ಅಲ್ಲೇ ಹೆಬ್ಬೆಟ್ಟಿನಷ್ಟು ಕಪ್ಪು ಮಸಿ. ಒಂದು ಸ್ಟಡ್ ತುಂಡಾಗಿತ್ತು, ಗ್ಯಾಸ್ಕೆಟ್ ಸುಟ್ಟಿತ್ತು. (ಇದನ್ನ ಮನೇಲಿ ಮಾಡೋದಾದ್ರೆ ತಿರುಗೋ ಬೆಲ್ಟು, ಫ್ಯಾನಿಂದ ದೂರ ಇರಿ. ದುಪಟ್ಟಾ, ಟೈ, ಉದ್ದ ತೋಳು ಬೇಡವೇ ಬೇಡ.)

ಗ್ಯಾಸ್ಕೆಟ್ ಜೆ.ಸಿ. ರಸ್ತೆಯಲ್ಲಿ ಎರಡನೇ ಅಂಗಡೀಲೇ ಸಿಕ್ತು. ಮುರಿದ ಸ್ಟಡ್ ತೆಗೆಯೋಕೆ ಮೂರು ಗಂಟೆ ಹಿಡೀತು, ಬೈಗುಳ ಎಡಿಟ್ ಮಾಡಿದೀನಿ. ಎಲ್ಲ ಸೇರಿ 2,300 ರೂಪಾಯಿ.

ಚಿಕ್ಕ ರಿಪೇರಿ ಅಂತ ನಾನು ಖುಷಿಯಾಗಿದ್ದೆ. ಅವರು ಆಗಲಿಲ್ಲ. "ನಿಮ್ಮಪ್ಪ ಚಳೀಲಿ ಗ್ಲಾಸ್ ಏರಿಸ್ಕೊಂಡು ಓಡಿಸ್ತಾರಾ?" ಅಂತ ಕೇಳಿದರು. ಹೌದು, ಮಫ್ಲರ್ ಬೇರೆ ಸುತ್ಕೊಂಡು. ಅಲ್ಲಿಂದ ಸೋರೋದು ಸೈಲೆನ್ಸರಿಗೆ ಹೋಗಬೇಕಾದ ಹೊಗೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಾನೆಟ್ ಕೆಳಗಿಂದ ಏರ್ ವೆಂಟ್ ಮೂಲಕ ಒಳಗೆ ಬಂದ್ರೆ ಮೊದಲು ತಲೆನೋವು, ತಲೆಸುತ್ತು, ಆಮೇಲೆ ಪ್ರಜ್ಞೆ ತಪ್ಪಬಹುದು. 46,000ದ ರೋಗ ಇರಲಿಲ್ಲ ನಿಜ. ಆದರೆ ಸದ್ದು ತಾನೇ ಅಂತ ಸುಮ್ಮನಿದ್ದಿದ್ರೆ ಅದರ ಲೆಕ್ಕ ಯಾವ ಎಸ್ಟಿಮೇಟಿನಲ್ಲೂ ಬರ್ತಿರಲಿಲ್ಲ. ಮನೆಗೆ ಬಂದು ಅಮ್ಮನಿಗೆ, ಕಾರಲ್ಲಿ ಯಾವತ್ತಾದ್ರೂ ತಲೆ ಭಾರ ಅನ್ನಿಸಿತ್ತಾ ಅಂತ ಕೇಳಿದೆ. "ನಿಮ್ಮಪ್ಪ ಓಡಿಸೋವಾಗ ಯಾವಾಗ್ಲೂ" ಅಂದ್ಲು. ಈ "ಯಾವಾಗ್ಲೂ" ಯಾವ ಥರದ್ದು ಅಂತ ನಾನು ಕೇಳೋಕೆ ಹೋಗಲಿಲ್ಲ, ಕಾರಿನ ನಾಲ್ಕೂ ಗ್ಲಾಸ್ ಇಳಿಸಿ ಬಂದೆ.

ಇನ್ನೊಂದು ಸದ್ದು ಕೇಳಿ. ಇವತ್ತು ಬೆಳಿಗ್ಗೆ ಆರೂಮುಕ್ಕಾಲು, ಎಂಜಿನ್ ಪೂರ್ತಿ ತಣ್ಣಗಿದೆ, ಅಪ್ಪ ಸ್ಟಾರ್ಟ್ ಮಾಡ್ತಿದ್ದಾರೆ.

[ಕಾರಿನ ಎಂಜಿನ್ ಸದ್ದು]

ಟಿಕ್ ಟಿಕ್ ಇಲ್ಲ, ಅಲ್ವಾ? ಶುರುವಲ್ಲಿ ಒಂದು ಸೆಕೆಂಡು ಕಿರ್ರ್ ಅಂತಲ್ಲ, ಅದು ಫ್ಯಾನ್ ಬೆಲ್ಟು. ಶನಿವಾರ ಬಿಗಿ ಮಾಡಿಸ್ತೀವಿ.