ಒಂದು ಊರಿಗೆ ಎರಡು ಪುಸ್ತಕ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಕಾಶಿಗೆ ಹೊರಟವನು ಹಿಂದಿರುಗುವುದೇ ಸಂದೇಹವಾಗಿದ್ದ ಕಾಲದಲ್ಲಿ ಈ ‘ಇಲ್ಲವೇ’ ಎಂಬ ಪದಕ್ಕೆ ಅರ್ಥವಿತ್ತು. ಸುತ್ತುವ ಅನುಕೂಲವಿಲ್ಲದವನಿಗೆ ಓದು ಒಂದು ಸಮಾಧಾನವಾಗಿತ್ತು. ಈಗ ಬೆಂಗಳೂರಿನಲ್ಲಿ ರಾತ್ರಿ ವಿಮಾನ ಹತ್ತಿದವರು ಮರುದಿನ ಯೂರೋಪಿನ ಯಾವುದೋ ಊರಿನಲ್ಲಿ ಕಾಫಿ ಕುಡಿಯುತ್ತಾರೆ. ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವುದರಿಂದ ನನ್ನಂತಹ ನಿವೃತ್ತರಿಗೂ ಕಡಲಾಚೆಯ ಪ್ರಯಾಣ ಅಪರೂಪವಾಗಿ ಉಳಿದಿಲ್ಲ. ಆದ್ದರಿಂದ ಆ ‘ಇಲ್ಲವೇ’ಯನ್ನು ತೆಗೆದುಹಾಕಿ, ಸುತ್ತುವುದನ್ನೂ ಓದುವುದನ್ನೂ ಜೊತೆಗೂಡಿಸುವುದು ಹೇಗೆಂಬುದನ್ನು ಇಂದು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಓದು ಎಂದಾಗ ಮಾರ್ಗದರ್ಶಿ ಪುಸ್ತಕದ ಮಾತನ್ನು ನಾನು ಆಡುತ್ತಿಲ್ಲ. ವಸ್ತುಸಂಗ್ರಹಾಲಯಕ್ಕೆ ಯಾವ ದಿನ ರಜೆ ಎಂಬುದನ್ನು ತಿಳಿಸಲು ಅದಕ್ಕಿಂತ ಉತ್ತಮವಾದ ಗ್ರಂಥವಿಲ್ಲ. ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಒಂದು ಊರನ್ನು ಮನಸ್ಸಿಟ್ಟು ನೋಡಿದವರು ಬರೆದ ಪುಸ್ತಕಗಳು ಬೇರೆ. ಅವುಗಳಲ್ಲಿ ಎರಡು ಬಗೆಯುಂಟು: ಅತಿಥಿ ಬರೆದದ್ದು ಒಂದು, ಮನೆಯವನು ಬರೆದದ್ದು ಇನ್ನೊಂದು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಮೊದಲಾದ ನಮ್ಮ ಪ್ರವಾಸಗ್ರಂಥಗಳು ಸಹಜವಾಗಿಯೇ ಅತಿಥಿಯ ಬರಹಗಳು. ಅವುಗಳನ್ನು ಓದಿ ಹೊರಟರೆ ಸಾಲದೆ? ಸಾಲದೆಂದು ನನ್ನ ಅಭಿಪ್ರಾಯ. ಅತಿಥಿಗೆ ನಡುಮನೆ ಕಾಣುತ್ತದೆ; ಅಡಿಗೆಮನೆಯ ಹೊಗೆ ಮನೆಯವರಿಗೇ ಗೊತ್ತು. ಹಾಗೆಂದು ಮನೆಯವರ ಮಾತೊಂದನ್ನೇ ನೆಚ್ಚಿದರೂ ಸಾಲದು. ನಿತ್ಯವೂ ಕಣ್ಣಿಗೆ ಬೀಳುವುದು ಅವರ ಗಮನಕ್ಕೆ ಬಾರದೆ ಹೋಗುತ್ತದೆ. ಒಂದು ಊರಿಗೆ ಹೋಗುವವರು ಈ ಎರಡು ಬಗೆಯ ಪುಸ್ತಕಗಳಲ್ಲಿ ಒಂದೊಂದನ್ನಾದರೂ ಓದಬೇಕು.

ಉದಾಹರಣೆಗೆ ಇಸ್ತಾಂಬುಲ್ ನಗರವನ್ನು ತೆಗೆದುಕೊಳ್ಳೋಣ. ಫ್ರೆಂಚ್ ಕವಿ ತೆಯೊಫಿಲ್ ಗೋತಿಯೆ 1852ರಲ್ಲಿ ಅಲ್ಲಿಗೆ ಹೋಗಿ, ಮರುವರ್ಷ ಆ ನಗರವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದ. ಎಲ್ಲರೂ ನೋಡುವ ಮಸೀದಿ ಅರಮನೆಗಳಲ್ಲಿಗೆ ನಿಲ್ಲದೆ, ಹಳೆಯ ಕೋಟೆಗೋಡೆಯ ಪಕ್ಕದ ಬಡವರ ಕೇರಿಗಳಲ್ಲೂ ಅವನು ನಡೆದಾಡಿದ. ನೂರೈವತ್ತು ವರ್ಷಗಳ ತರುವಾಯ, ಆ ನಗರದಲ್ಲೇ ಹುಟ್ಟಿ ಬೆಳೆದ ಒರ್ಹಾನ್ ಪಾಮುಕ್, 2003ರಲ್ಲಿ ತಮ್ಮ ಊರಿನ ನೆನಪುಗಳನ್ನು ‘ಇಸ್ತಾಂಬುಲ್’ ಎಂಬ ಗ್ರಂಥವಾಗಿ ಬರೆದರು. ಅವರ ಪುಸ್ತಕದ ಜೀವಾಳ ‘ಹುಜುನ್’ ಎಂಬ ತುರ್ಕಿ ಪದ. ಸಾಮ್ರಾಜ್ಯ ಅಳಿದು, 1923ರಲ್ಲಿ ರಾಜಧಾನಿಯ ಪಟ್ಟವೂ ಅಂಕಾರಾಕ್ಕೆ ಹೋದ ಮೇಲೆ ಇಡೀ ಊರಿಗೆ ಕವಿದ ವಿಷಾದವನ್ನು ಅವರು ಆ ಪದದಿಂದ ಸೂಚಿಸುತ್ತಾರೆ. ಬಾಸ್ಫರಸ್ ಜಲಸಂಧಿಯ ದಡದ ಮರದ ಮಹಲುಗಳು ಉರಿದುಹೋಗುವುದನ್ನು ನೋಡುತ್ತ ಬೆಳೆದವರ ದುಃಖ ಅದು. ಸ್ವಾರಸ್ಯವೆಂದರೆ, ಮನೆಯವರಾದ ಪಾಮುಕ್ ಅತಿಥಿಯಾದ ಗೋತಿಯೆಯನ್ನು ಆದರದಿಂದ ಓದಿದ್ದಾರೆ. ಯಹ್ಯಾ ಕೆಮಾಲ್, ತಾನ್‌ಪಿನಾರ್ ಎಂಬ ಹಿಂದಿನ ಪೀಳಿಗೆಯ ತುರ್ಕಿ ಲೇಖಕರು ಊರಿನ ಬಡಕೇರಿಗಳ ಸೊಬಗನ್ನು ಕಾಣಲು ಗೋತಿಯೆಯ ಬರಹವೂ ನೆರವಾಯಿತೆಂದು ಅವರು ಗುರುತಿಸುತ್ತಾರೆ. ಹೊರಗಿನವನ ನೋಟ ಒಳಗಿನವರ ಕಣ್ಣನ್ನು ತೆರೆಸಿದ್ದಕ್ಕೆ ಇದೊಂದು ನಿದರ್ಶನ. ಇವೆರಡನ್ನೂ ಓದಿದ ಪ್ರವಾಸಿ ಮಸೀದಿಯ ಗೋಪುರವನ್ನು ನೋಡಿ ಹಿಂದಿರುಗುವುದಿಲ್ಲ. ಹಿಂದಿನ ಬೀದಿಯೊಳಕ್ಕೂ ಹೆಜ್ಜೆಯಿಡುತ್ತಾನೆ.

ಅತಿಥಿಗೆ ಇನ್ನೊಂದು ಸ್ವಾತಂತ್ರ್ಯವೂ ಇದೆ; ಊರಿನವರು ಬಾಯಿಬಿಡಲಾಗದ್ದನ್ನು ಅವನು ಹೇಳಬಲ್ಲ. ಫ್ರಾನ್ಸಿನ ಮಾರ್ಕ್ವಿಸ್ ದ ಕುಸ್ತೀನ್ 1839ರಲ್ಲಿ ರಷ್ಯದಲ್ಲಿ ಸಂಚರಿಸಿ, 1843ರಲ್ಲಿ ತನ್ನ ಪ್ರವಾಸಕಥನವನ್ನು ಹೊರತಂದ. ಸೇಂಟ್ ಪೀಟರ್ಸ್‌ಬರ್ಗಿನ ಚಳಿಗಾಲದ ಅರಮನೆ 1837ರ ಬೆಂಕಿಯಲ್ಲಿ ಸುಟ್ಟಿತ್ತು. ಚಕ್ರವರ್ತಿಯ ಅವಸರಕ್ಕಾಗಿ ಅದನ್ನು ಮತ್ತೆ ಕಟ್ಟುವಾಗ ಸಾವಿರಾರು ಕೂಲಿಗಳು ಪ್ರಾಣ ತೆತ್ತರೆಂದು ಅವನು ಬರೆದ. ರಷ್ಯದಲ್ಲಿ ಆ ಪುಸ್ತಕವನ್ನು ನಿಷೇಧಿಸಲಾಯಿತು. ಆದರೆ ಅದೇ ಊರಿನ ಬಾಡಿಗೆ ಕೋಣೆಯ ಉಸಿರುಗಟ್ಟಿಸುವ ಬೇಸಗೆ ಕುಸ್ತೀನನಿಗೆ ದಕ್ಕಲಿಲ್ಲ. ಅದಕ್ಕೆ 1866ರಲ್ಲಿ ಪ್ರಕಟವಾದ ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಬೇಕು. ಅದರ ನಾಯಕ ತನ್ನ ಮನೆಯಿಂದ, ಒತ್ತೆ ಹಿಡಿದು ಸಾಲ ಕೊಡುವ ಮುದುಕಿಯ ಮನೆಗೆ 730 ಹೆಜ್ಜೆ ಎಂದು ಲೆಕ್ಕವಿಟ್ಟಿರುತ್ತಾನೆ. ಸೆನ್ನಾಯಾ ಚೌಕದ ಸುತ್ತಮುತ್ತ ಕಾದಂಬರಿಯ ಓದುಗರು ಈಗಲೂ ಆ ಹೆಜ್ಜೆಗಳ ಜಾಡು ಹಿಡಿದು ನಡೆಯುತ್ತಾರೆ. ಅರಮನೆಯ ಬೆಲೆಯೇನೆಂಬುದನ್ನು ಒಂದು ಪುಸ್ತಕ ತಿಳಿಸಿದರೆ, ಅದೇ ನಗರದಲ್ಲಿ ಕಾಸಿಲ್ಲದವನ ಮನಸ್ಸು ಎತ್ತ ಹರಿಯುತ್ತದೆಂಬುದನ್ನು ಮತ್ತೊಂದು ತಿಳಿಸುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಹಂಪೆಯನ್ನು ನೆನೆಯದಿರಲಾಗದು. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡು ಅದರ ಪೇಟೆಗಳನ್ನೂ ಮಹಾನವಮಿಯ ಉತ್ಸವವನ್ನೂ ವಿವರವಾಗಿ ಬರೆದಿಟ್ಟ. 1900ರಲ್ಲಿ ರಾಬರ್ಟ್ ಸೂವೆಲ್ ಪ್ರಕಟಿಸಿದ ಗ್ರಂಥದಲ್ಲಿ ಆ ಬರಹದ ಇಂಗ್ಲಿಷ್ ಅನುವಾದವಿದೆ. 1565ರಲ್ಲಿ ಹಾಳಾದ ನಗರವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಬೇಕಾದರೆ ನಾವು ಇಂದಿಗೂ ಈ ಅತಿಥಿಯ ಬಾಗಿಲಿಗೇ ಹೋಗಬೇಕು. ಮನೆಯವರು ಏನೂ ಹೇಳಲಿಲ್ಲವೆ? ಹೇಳಿದರು, ಬೇರೆ ಹೆಸರಿನಲ್ಲಿ. ಕನಕದಾಸರು ‘ಮೋಹನತರಂಗಿಣಿ’ಯಲ್ಲಿ ದ್ವಾರಾವತಿಯನ್ನು ಬಣ್ಣಿಸುವಾಗ ಅವರ ಕಣ್ಣೆದುರಿಗೆ ಇದ್ದದ್ದು ವಿಜಯನಗರವೆಂದು ನಮ್ಮ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಪಾಯೆಸ್ ಪ್ರವಾಸಿಯ ಕಣ್ಣಿನಿಂದ ಪೇಟೆಯನ್ನು ಎಣಿಸಿ ನೋಡಿದ; ಕನಕದಾಸರು ಅದನ್ನು ಕೃಷ್ಣನ ಊರನ್ನಾಗಿ ಕಂಡರು. ಬರಿದಾದ ಕಲ್ಲು ಮಂಟಪಗಳ ಸಾಲಿನ ನಡುವೆ ನಿಂತವನಿಗೆ ಈ ಎರಡೂ ದನಿಗಳು ಕೇಳಬೇಕು.

ಓದುವ ಕ್ರಮವನ್ನು ಕುರಿತು ಒಂದು ಮಾತು. ಅತಿಥಿಯ ಪುಸ್ತಕವನ್ನು ಹೊರಡುವ ಮೊದಲೇ ಓದುವುದು ಲೇಸು. ಅದು ನಮ್ಮ ಹಾಗೆಯೇ ಹೊಸದಾಗಿ ಬಂದವನ ಕುತೂಹಲವನ್ನು ಹಂಚಿಕೊಳ್ಳುತ್ತದೆ. ಊರಿನವನ ಪುಸ್ತಕವನ್ನು ಅಲ್ಲಿ ಇರುವಾಗ ಸಂಜೆಯ ಹೊತ್ತು ಓದಬೇಕು, ಹಿಂದಿರುಗಿದ ಮೇಲೆ ಇನ್ನೊಮ್ಮೆ ಓದಬೇಕು. ಬೀದಿಯ ಹೆಸರು ಕಾಲಿಗೆ ಪರಿಚಯವಾದ ಮೇಲೆ ಪುಟದ ಅರ್ಥವೇ ಬದಲಾಗುತ್ತದೆ. ಎರಡು ಪುಸ್ತಕಗಳು ಎಲ್ಲಿ ಒಂದನ್ನೊಂದು ಒಪ್ಪುವುದಿಲ್ಲವೋ ಆ ಸ್ಥಳಕ್ಕೆ ತಪ್ಪದೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಬೇಕು. ಪ್ರವಾಸಿಯ ಸ್ವಂತ ವಿಚಾರ ಮೊದಲಾಗುವುದು ಅಲ್ಲಿಂದ.

ಕೊನೆಯದಾಗಿ ತಮ್ಮಲ್ಲೊಂದು ವಿನಂತಿ. ನಾವು ಇನ್ನೊಬ್ಬರ ಊರಿಗೆ ಅತಿಥಿಗಳಾದಂತೆ, ಅವರೂ ನಮ್ಮ ಊರಿಗೆ ಬರುತ್ತಾರೆ. ಹಾಗೆ ಬಂದವರ ಕೈಗೆ ನಾವು ಯಾವ ಎರಡು ಪುಸ್ತಕಗಳನ್ನು ಕೊಡಬಲ್ಲೆವು? ಗೆಜೆಟಿಯರ್ ಸಿಕ್ಕೀತು, ಸ್ಥಳಪುರಾಣ ಸಿಕ್ಕೀತು. ನಮ್ಮ ಸಂತೆಯನ್ನೂ ಕೆರೆಯನ್ನೂ, ಮುಚ್ಚಿಹೋದ ಶಾಲೆಯನ್ನೂ, ಊರು ಬಿಟ್ಟು ಹೋದವರನ್ನೂ ಕುರಿತು ಅಲ್ಲೇ ಬಾಳಿದವರು ಬರೆದ ಪುಸ್ತಕ ಎಷ್ಟು ಊರುಗಳಿಗೆ ಇದೆ? ತಮ್ಮ ಊರಿಗೆ ಅದು ಇಲ್ಲವಾದರೆ, ಬಲ್ಲ ಹಿರಿಯರು ಇರುವಾಗಲೇ ಯಾರಾದರೂ ಬರೆಯಲು ಕುಳಿತುಕೊಳ್ಳಬೇಕು.